ಅಂಗಡಿ ಮುಂದಿನ ಪಾರ್ಕಿಂಗ್ ಹೋದರೆ ಗಿರಾಕಿಯೂ ಹೋಗುತ್ತಾರೆಯೇ?

ಓದುಗರ ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್, ಕಪಡಾ ಬಜಾರ್ ಭಾಗದ ರಸ್ತೆಗಳನ್ನು ಸುಧಾರಿಸುವ ಮಾತು ಬಂದಾಗಲೆಲ್ಲ, ಫುಟ್‌ಪಾತ್ ಅಗಲ ಮಾಡಿ ಅಂಗಡಿ ಮುಂದೆ ವಾಹನ ನಿಲ್ಲಿಸುವುದನ್ನು ತಪ್ಪಿಸಬೇಕು ಎನ್ನುತ್ತಾರೆ. ವ್ಯಾಪಾರದಲ್ಲಿ ಒಂದು ಪಾಲು ಆಗಲೇ ಸೇಡಂ ರಸ್ತೆಗೂ ರಿಂಗ್ ರಸ್ತೆಗೂ ಮಾಲ್‌ಗಳಿಗೂ ಹೋಗಿದೆ. ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಪೇಟೆಯಲ್ಲಿ ಪಾರ್ಕಿಂಗನ್ನೂ ತೆಗೆದರೆ ಉಳಿದ ಗಿರಾಕಿಗಳೂ ಕೈತಪ್ಪುವುದಿಲ್ಲವೇ?

ಉತ್ತರ: ಈ ಭಯ ಸಹಜವಾದದ್ದು, ಆದರೆ ಅದು ತಪ್ಪು ಜಾಗದಲ್ಲಿ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಅಂಗಡಿ ಮುಂದಿನ ಪಾರ್ಕಿಂಗ್ ಹೋಗಿದ್ದರಿಂದಲೇ ಒಂದು ಪೇಟೆ ಕೆಟ್ಟದ್ದು ಅಪರೂಪ. ಕಾಮಗಾರಿಯ ಕ್ರಮ ತಪ್ಪಿ, ಮಾಡಿದ ರಸ್ತೆಯನ್ನೇ ಮತ್ತೆ ಮತ್ತೆ ಅಗೆದು, ಎರಡು ಲಗ್ನಸರಾಯಿಗಳು (ಮದುವೆಯ ಹಂಗಾಮುಗಳು) ಧೂಳಿನಲ್ಲಿ ಕಳೆದುಹೋಗಿ ಪೇಟೆ ಕೆಟ್ಟದ್ದು ಸಾಮಾನ್ಯ. ಆದ್ದರಿಂದ ವ್ಯಾಪಾರಿಗಳು ತಮ್ಮ ಒತ್ತಾಯದ ಬಲವನ್ನೆಲ್ಲ ಪಾರ್ಕಿಂಗ್ ಉಳಿಸಿಕೊಳ್ಳುವುದಕ್ಕೆ ಖರ್ಚು ಮಾಡದೆ, ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದರ ಮೇಲೆ ಇಡುವುದು ಲಾಭದಾಯಕ.

ಮೊದಲು ಗಿರಾಕಿ ಹೇಗೆ ಬರುತ್ತಾರೆ ಎಂಬುದನ್ನು ನೋಡೋಣ. ಲಗ್ನದ ಬಸ್ತಾ (ಮದುವೆಯ ಬಟ್ಟೆಬರೆ) ಕಟ್ಟಿಸಲು ಆಳಂದ, ಅಫಜಲಪುರ, ಚಿತ್ತಾಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬರುವ ಕುಟುಂಬಗಳಲ್ಲಿ ಬಹಳಷ್ಟು ಜನ ಬಸ್ಸಿನಲ್ಲಿ ಇಳಿದು, ಅಲ್ಲಿಂದ ಆಟೊ ಅಥವಾ ಟಂಟಂ ಹಿಡಿದು, ಕೊನೆಯ ಹಾದಿಯನ್ನು ನಡೆದೇ ಬರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿನ ಖರ್ಚಿಲ್ಲ. ಸೀರೆ, ಬಳೆ, ಪಾತ್ರೆಗಳ ವ್ಯಾಪಾರದಲ್ಲಿ ಆಯ್ಕೆ ಮಾಡುವವರು ಯಾರು ಎಂಬುದನ್ನು ಅಂಗಡಿಕಾರರಿಗೆ ಹೇಳಿಕೊಡಬೇಕಾಗಿಲ್ಲ. ಇವರಿಗೆ ಬೇಕಾದದ್ದು ಕಾರು ನಿಲ್ಲಿಸುವ ಜಾಗವಲ್ಲ. ಕೈಯಲ್ಲಿ ಚೀಲ, ಸೊಂಟದಲ್ಲಿ ಮಗು ಇಟ್ಟುಕೊಂಡು ಒಂದು ಅಂಗಡಿಯಿಂದ ಮತ್ತೊಂದಕ್ಕೆ ಬೈಕುಗಳ ನಡುವೆ ನುಸುಳದೆ ಹೋಗುವ ದಾರಿ, ಕುಡಿಯಲು ನೀರು, ಬಾಗಿಲು ಭದ್ರವಾಗಿರುವ ಶೌಚಾಲಯ ಅವರಿಗೆ ಬೇಕು. ಈ ಕೊನೆಯದನ್ನು ನಮ್ಮ ಪೇಟೆಗಳ ನಕ್ಷೆಗಳು ಏಕೋ ಮರೆಯುತ್ತಲೇ ಬಂದಿವೆ.

ಇನ್ನು ಲೆಕ್ಕ. ಹಳೆ ಪೇಟೆಯ ಒಂದು ಅಂಗಡಿಯ ಮುಖ ಸುಮಾರು 15 ಅಡಿ ಎಂದುಕೊಂಡರೆ, ಅದರ ಮುಂದೆ ರಸ್ತೆಗುಂಟ ನಿಲ್ಲಬಲ್ಲದ್ದು ಒಂದೇ ಕಾರು. ಅಂಗಡಿ ಹತ್ತು ತಾಸು ತೆರೆದಿದ್ದು, ಒಬ್ಬೊಬ್ಬ ಗಿರಾಕಿ ಒಂದು ತಾಸು ಕಾರು ನಿಲ್ಲಿಸಿದರೆ, ದಿನಕ್ಕೆ ಹೆಚ್ಚೆಂದರೆ ಹತ್ತು ಕಾರುಗಳು. ಆ ಜಾಗದಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಾಲೀಕರದೋ ಪಕ್ಕದ ಅಂಗಡಿಯವರದೋ ವಾಹನವೇ ನಿಂತಿದ್ದರೆ ಗಿರಾಕಿಗೆ ಸಿಗುವುದು ಸೊನ್ನೆ, ಅಂಗಡಿಯ ಗಾಜು ರಸ್ತೆಗೆ ಕಾಣುವುದೂ ಇಲ್ಲ. ಯಾವ ಪೇಟೆಯಲ್ಲಾದರೂ ಬೆಳಿಗ್ಗೆ ಹನ್ನೊಂದಕ್ಕೆ ನಿಂತಿರುವ ವಾಹನಗಳ ನಂಬರ್ ಪ್ಲೇಟುಗಳನ್ನು ಬರೆದುಕೊಂಡು, ಸಂಜೆ ಐದಕ್ಕೆ ಮತ್ತೆ ನೋಡಿದರೆ ಈ ಸಂಗತಿ ತಾನಾಗಿ ಹೊರಬೀಳುತ್ತದೆ. ವ್ಯಾಪಾರಿ ಸಂಘವೊಂದು ಖರ್ಚಿಲ್ಲದೆ ಮಾಡಬಹುದಾದ ಸಮೀಕ್ಷೆ ಅದು.

ಬೇರೆಡೆಯ ಅನುಭವವೂ ಹೀಗೆಯೇ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 2006ರಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ತಮ್ಮ ಗಿರಾಕಿಗಳಲ್ಲಿ ಶೇ. 41ರಷ್ಟು ಜನ ಕಾರಿನಲ್ಲಿ ಬರುತ್ತಾರೆ ಎಂದು ಅಂಗಡಿಕಾರರು ಅಂದಾಜಿಸಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕ ಉತ್ತರ ಶೇ. 22. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮುಖ್ಯ ಪೇಟೆ ಬೀದಿಯನ್ನು 1962ರಲ್ಲಿ ಕಾರುಗಳಿಗೆ ಮುಚ್ಚಿದಾಗ ವ್ಯಾಪಾರಿಗಳು ಬಲವಾಗಿ ವಿರೋಧಿಸಿದ್ದರು, ಇಂದು ಅದು ಆ ನಗರದ ಅತ್ಯಂತ ಜನಭರಿತ ಬೀದಿಗಳಲ್ಲೊಂದು. ಅಲ್ಲಿಯ ಹವೆ, ಅಲ್ಲಿಯ ಸಾರಿಗೆ ನಮ್ಮದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ದಿಲ್ಲಿಯ ಚಾಂದನಿ ಚೌಕ ನಮಗೆ ಹೆಚ್ಚು ಹತ್ತಿರದ ಉದಾಹರಣೆ. ಕೆಂಪು ಕೋಟೆಯ ಕಡೆಯಿಂದ ಫತೇಪುರಿ ಮಸೀದಿಯವರೆಗಿನ ಸುಮಾರು 1.3 ಕಿಲೋಮೀಟರ್ ರಸ್ತೆಯನ್ನು ಹೊಸದಾಗಿ ಕಟ್ಟಿ 2021ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಲಾಯಿತು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ನಿಷೇಧ, ಸರಕು ಇಳಿಸುವುದೆಲ್ಲ ರಾತ್ರಿ. ಜನ ಬರುವುದು ನಿಲ್ಲಲಿಲ್ಲ. ಆದರೆ ನಿಯಮ ಕಾಯುವವರು ಸಡಿಲಗೊಂಡಂತೆಲ್ಲ ವಾಹನಗಳು ಮತ್ತೆ ಒಳನುಗ್ಗಿದವು ಎಂಬ ದೂರುಗಳು ಅಲ್ಲಿಂದಲೂ ಬಂದಿವೆ. ಕಲ್ಲು ಹಾಸುವುದಕ್ಕೆ ಹಣ ಸಿಗುತ್ತದೆ, ದಿನವೂ ಕಾಯುವುದಕ್ಕೆ ಸಿಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಪ್ಪಲೇಬೇಕಾದ ಅಂಶವೂ ಇದೆ. ನಮ್ಮ ಊರಿನ ಗಿರಾಕಿಗಳು ಕಾರಿಗಿಂತ ಹೆಚ್ಚಾಗಿ ಬರುವುದು ಬೈಕು, ಸ್ಕೂಟರುಗಳಲ್ಲಿ. ಮುಖ್ಯ ಬೀದಿಯಿಂದ ಅವುಗಳನ್ನು ತೆಗೆಯುವ ಮೊದಲೇ ಅಡ್ಡರಸ್ತೆಗಳಲ್ಲೋ ಪಾಲಿಕೆಯ ಖಾಲಿ ಜಾಗದಲ್ಲೋ, ಮೂರು ನಾಲ್ಕು ನಿಮಿಷದ ನಡಿಗೆಯೊಳಗೆ, ನಿಲ್ಲಿಸುವ ವ್ಯವಸ್ಥೆ ಆಗಿರಬೇಕು. ಅಂಗವಿಕಲರ ವಾಹನಗಳಿಗೆ ಮಾತ್ರ ಅಂಗಡಿ ಸಾಲಿನ ಹತ್ತಿರವೇ ಜಾಗ ಉಳಿಯಬೇಕು. ಮೊದಲು ತೆಗೆದು ಆಮೇಲೆ ಜಾಗ ಹುಡುಕುತ್ತೇವೆ ಎಂದರೆ ನಿಮ್ಮ ಭಯ ನಿಜವೇ ಆಗುತ್ತದೆ.

ಫುಟ್‌ಪಾತ್ ಎಂದರೆ ಏನು ಎಂಬುದರಲ್ಲೂ ಸ್ಪಷ್ಟತೆ ಬೇಕು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಅಡೆತಡೆಯಿಲ್ಲದೆ ನಡೆಯುವ ಜಾಗವೇ ಕನಿಷ್ಠ 2.5 ಮೀಟರ್ ಇರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಟ್ರಾನ್ಸ್‌ಫಾರ್ಮರ್, ಫಲಕ, ಅಂಗಡಿಯ ಮೆಟ್ಟಿಲು ಇವೆಲ್ಲ ಈ ಅಳತೆಯ ಹೊರಗೆ. ಗಟಾರದ ಮೇಲೆ ಚಪ್ಪಡಿ ಹಾಕಿ ಮುಂದಕ್ಕೆ ಚಾಚಿಕೊಂಡ ಕಟ್ಟೆಗಳನ್ನು ವ್ಯಾಪಾರಿಗಳೇ ಹಿಂತೆಗೆದುಕೊಳ್ಳದೆ ಈ ಅಗಲ ಎಲ್ಲಿಂದಲೂ ಹುಟ್ಟುವುದಿಲ್ಲ. ಕಹಿಯಾದರೂ ಹೇಳಬೇಕಾದ ಮಾತು ಅದು.

ನೆರಳಿನ ವಿಷಯವನ್ನು ಬೆಂಗಳೂರಿನ ಮಾದರಿಗಳು ನಮಗೆ ಕಲಿಸಲಾರವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಮರವಿಲ್ಲದ ಅಗಲ ಫುಟ್‌ಪಾತು ಮಧ್ಯಾಹ್ನವಿಡೀ ಖಾಲಿಯಾಗಿಯೇ ಇರುತ್ತದೆ, ಲಗ್ನಗಳ ಜೋರು ಇರುವುದೂ ಆಗಲೇ. ಹಿಂದಿನವರಿಗೆ ಇದು ತಿಳಿದಿತ್ತು. ಹಳೆಯ ಗೆಜೆಟಿಯರು ವರ್ಣಿಸುವ ಕಲಬುರಗಿಯ ಬಜಾರು 570 ಅಡಿ ಉದ್ದ, 60 ಅಡಿ ಅಗಲವಿದ್ದು, ಅದರ ಎರಡೂ ಬದಿಗೆ 61 ಕಮಾನುಗಳ ಸಾಲಿತ್ತು. 1908ರ ಮೂಸಿ ನದಿಯ ಪ್ರವಾಹದ ಬಳಿಕ, 1912ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿ ಪತ್ಥರ್‌ಗಟ್ಟಿಯಲ್ಲಿ ಕಟ್ಟಿಸಿದ ಅಂಗಡಿ ಸಾಲಿನ ಮುಂದೆಯೂ ಕಲ್ಲಿನ ಕಮಾನುಗಳಿವೆ. ಬಿಸಿಲಲ್ಲೂ ಮಳೆಯಲ್ಲೂ ಗಿರಾಕಿ ಅವುಗಳ ಕೆಳಗೇ ನಡೆದು ಸಾಗಬಹುದು. ಇಂದು ಕಮಾನು ಕಟ್ಟಿಸುವ ಹಣವಿಲ್ಲದಿದ್ದರೆ ಬೇವು, ಹೊಂಗೆ ಸಾಕು; ಆದರೆ ಬೇರಿಗೆ ಮಣ್ಣು ಬಿಡದೆ ಬುಡದವರೆಗೂ ಸಿಮೆಂಟು ಹಾಕಿದ ಗಿಡ ನೆರಳು ಕೊಡುವ ವಯಸ್ಸಿಗೆ ಬರುವುದಿಲ್ಲ.

ಈಗ ನಿಜವಾದ ಅಪಾಯಕ್ಕೆ ಬರೋಣ. ಪೇಟೆಯ ರಸ್ತೆಯ ಕೆಳಗೆ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಮಳೆನೀರಿನ ಗಟಾರ, ವಿದ್ಯುತ್ ತಂತಿ, ದೂರವಾಣಿ ಕೇಬಲ್ ಎಲ್ಲವೂ ಇವೆ, ಮತ್ತು ಒಂದೊಂದಕ್ಕೆ ಒಂದೊಂದು ಕಚೇರಿ ಇದೆ. ಸುಮಾರು 2008ರಲ್ಲಿ ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ ಪ್ರಯೋಗವಾಗಿ ಆರಂಭವಾದ ದಿನದ 24 ಗಂಟೆ ನೀರು ಪೂರೈಕೆಯನ್ನು ಇಡೀ ನಗರಕ್ಕೆ ಹಬ್ಬಿಸಬೇಕಾದರೆ ಬೀದಿ ಬೀದಿಯಲ್ಲೂ ಹೊಸ ಕೊಳವೆ ಹೂಳಲೇಬೇಕು. ಮೇಲ್ಮೈ ಕೆಲಸ ಮೊದಲು ಮುಗಿದು ಕೊಳವೆಯ ಸರದಿ ಆಮೇಲೆ ಬಂದರೆ, ಹೊಸ ಹಾಸುಗಲ್ಲು ಕಿತ್ತುಬರುವುದು ಖಚಿತ.

ಅದಕ್ಕೂ ಮೇಲೆ ನಮ್ಮದು ಎರೆಮಣ್ಣು. ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ನೇರವಾಗಿ ಹಾಸಿದ ಸಿಮೆಂಟ್ ಬ್ಲಾಕುಗಳು ಒಂದೆರಡು ಮಳೆಗಾಲಗಳಲ್ಲಿ ಏರುಪೇರಾಗುತ್ತವೆ. ಎರೆಯನ್ನು ತಕ್ಕಷ್ಟು ಆಳಕ್ಕೆ ತೆಗೆದು, ಮುರುಮು (ಗರಸು ಮಣ್ಣು) ತುಂಬಿ, ನೀರು ಹಾಯಿಸಿ, ರೋಲರಿನಿಂದ ಪದರ ಪದರವಾಗಿ ಒತ್ತಿದ ಮೇಲೆಯೇ ಕಲ್ಲು ಹಾಸಬೇಕು. ಕೊಳವೆಗಾಗಿ ತೋಡಿದ ಗುಂಡಿಗೆ ಅದೇ ಎರೆಯನ್ನು ಮರಳಿ ತುಂಬಿದರೆ ರಸ್ತೆ ಅಲ್ಲಿಯೇ ಕುಸಿಯುತ್ತದೆ. ಹಾಸಲು ದೂರದಿಂದ ಗ್ರಾನೈಟ್ ತರಿಸುವ ಅಗತ್ಯವೂ ಇಲ್ಲ: ದೇಶದ ಎಷ್ಟೋ ಊರುಗಳ ಅಂಗಳಗಳಿಗೆ ಹೋದ ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದೇ. ಪಾಲಿಶ್ ಮಾಡಿದ್ದು ಮಳೆಯಲ್ಲಿ ಜಾರುವುದರಿಂದ ಒರಟು ಮೈಯದ್ದನ್ನೇ ಬಳಸಬೇಕು. ಭೂಮಿಯೊಳಗಿನ ಕೆಲಸವನ್ನೆಲ್ಲ ಒಂದೇ ಟೆಂಡರಿನಲ್ಲಿ ಸೇರಿಸಿ, ಮುಂದಿನ ಕೇಬಲುಗಳಿಗಾಗಿ ಖಾಲಿ ಕೊಳವೆಗಳನ್ನೂ ಹೂತು, ಆಮೇಲೆ ಮೇಲ್ಮೈ ಕಟ್ಟುವ ಪದ್ಧತಿಯನ್ನು ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಅನುಸರಿಸಲಾಗಿದೆ. ಅದು ದುಬಾರಿ ಎಂಬ ಟೀಕೆ ಇದ್ದೇ ಇದೆ. ಅಗೆದು ಮುಚ್ಚುವ ಖರ್ಚನ್ನು ಹಲವು ವರ್ಷಗಳಿಗೆ ಕೂಡಿಸಿದ ಮೇಲೆ ಹೋಲಿಸುವುದು ಉಚಿತ.

ತಳ್ಳುಗಾಡಿಯವರ ಬಗ್ಗೆ ನೀವು ಕೇಳಿಲ್ಲ, ಆದರೆ ಫುಟ್‌ಪಾತ್ ಅಗಲವಾದ ಕೂಡಲೇ ಬರುವ ಮೊದಲ ಜಗಳ ಅವರದೇ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಪಡೆದವರನ್ನು ಸ್ಥಳಾಂತರಿಸಲು 30 ದಿನಗಳ ನೋಟಿಸ್ ಬೇಕು. ಇದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಅವರಿಂದಲೇ ಆಯ್ಕೆಯಾದವರಾಗಿರಬೇಕು. ಹೂವು, ಹಣ್ಣು ಮಾರುವವರಿಂದ ಜವಳಿ ಅಂಗಡಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದು ನನಗೆ ಅನಿಸುತ್ತದೆ, ಜನ ಸೇರುವ ಕಡೆಗೇ ಜನ ಬರುತ್ತಾರೆ. ನಕ್ಷೆಯಲ್ಲಿ ಅವರ ಜಾಗವನ್ನು ಮೊದಲೇ ಗುರುತಿಸಿಬಿಟ್ಟರೆ ಆಮೇಲಿನ ಜಗಳ ತಪ್ಪುತ್ತದೆ.

ಬೀದರಿನಿಂದ ಇದೇ ಪ್ರಶ್ನೆ ಕೇಳುವವರಿಗೆ ಒಂದು ಮಾತು ಸೇರಿಸಬೇಕು. ಮಹಮೂದ್ ಗಾವಾನ್ ಮದರಸಾದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ನಿರ್ಬಂಧ ಇರುವುದರಿಂದ, ಅಗಲೀಕರಣಕ್ಕಾಗಿ ಮುಂಭಾಗ ಒಡೆದುಕೊಂಡವರು ಅಲ್ಲಿ ತಮಗೆ ಬೇಕಾದಂತೆ ಮತ್ತೆ ಕಟ್ಟಿಕೊಳ್ಳಲಾರರು. ಊರ ನಡುವಿನ ಹಳೆಯ ಕಾವಲು ಗೋಪುರವಾದ ಚೌಬಾರದ ಸುತ್ತಲಿನಂಥ ಹಳೆ ಬೀದಿಗಳನ್ನು ಅಗಲ ಮಾಡುವುದಕ್ಕಿಂತ ವಾಹನ ಕಡಿಮೆ ಮಾಡುವುದೇ ಸರಿ.

ಕೊನೆಗೆ ಕಲಬುರಗಿಯ ವ್ಯಾಪಾರಿಗಳು ಮಾಡಬಹುದಾದದ್ದು. ಕೆಲಸ ಶುರುವಾಗುವ ಮೊದಲು ಸಂಘದ ಹೆಸರಿನಲ್ಲಿ ಪಾಲಿಕೆಗೆ ಲಿಖಿತವಾಗಿ ಕೇಳಿ: ಭೂಮಿಯೊಳಗಿನ ಎಲ್ಲ ಕೊಳವೆ, ಕೇಬಲುಗಳ ನಕ್ಷೆ ಸಿದ್ಧವಿದೆಯೇ, ಒಂದು ಸಲಕ್ಕೆ ಎಷ್ಟು ಉದ್ದದ ರಸ್ತೆಯನ್ನು ಮುಚ್ಚುತ್ತಾರೆ, ಲಗ್ನ ಮತ್ತು ಹಬ್ಬದ ತಿಂಗಳುಗಳಲ್ಲಿ ಅಗೆತ ನಿಲ್ಲುತ್ತದೆಯೇ, ಅಂಗಡಿಗಳಿಗೆ ಹೋಗುವ ತಾತ್ಕಾಲಿಕ ದಾರಿಯ ಖರ್ಚು ಅಂದಾಜುಪಟ್ಟಿಯಲ್ಲಿ ಸೇರಿದೆಯೇ, ಸರಕಿನ ಲಾರಿಗಳಿಗೆ ಯಾವ ಸಮಯ, ಮುಗಿದ ಮೇಲೆ ದೋಷ ಕಂಡುಬಂದರೆ ಗುತ್ತಿಗೆದಾರರ ಹೊಣೆ ಎಷ್ಟು ವರ್ಷ. ಉತ್ತರ ಬಾರದಿದ್ದರೆ ಅಂದಾಜುಪಟ್ಟಿ ಮತ್ತು ಕಾರ್ಯಾದೇಶದ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಪಡೆಯಬಹುದು. ಅರ್ಜಿಗೆ 10 ರೂಪಾಯಿ ಶುಲ್ಕ, ಕಚೇರಿಗೆ 30 ದಿನಗಳ ಗಡುವು.