ಮಾರ್ಚ್‌ನಲ್ಲಿ ಕೊಡಚಾದ್ರಿಯ ಮೇಲೆ ನೀರು ಸಿಗುತ್ತದೆಯೇ?

ಪ್ರಶ್ನೆ: ಮಾರ್ಚ್ ಕೊನೆಯಲ್ಲಿ ನಾವು ಮೂವರು ಗೆಳೆಯರು ಕೊಡಚಾದ್ರಿಗೆ ಚಾರಣ ಹೊರಟಿದ್ದೇವೆ. ಒಂದು ರಾತ್ರಿ ಟೆಂಟಿನಲ್ಲಿ ಕಳೆಯುವ ಆಸೆ. ಮಲೆನಾಡಲ್ಲವೇ, ದಾರಿಯಲ್ಲಿ ಹಳ್ಳಗಳಿರುತ್ತವೆ. ನೀರು ಹೊರಲೇಬೇಕೇ?

ಉತ್ತರ: ಹೊರಲೇಬೇಕು. ಕುಡಿಯಲು, ಇತರ ಬಳಕೆಗೆ ಸೇರಿ ತಲೆಗೆ ನಾಲ್ಕು ಲೀಟರ್ ಎಂದಿಟ್ಟುಕೊಳ್ಳಿ. ಮೂವರಿಗೆ ಹನ್ನೆರಡು ಕಿಲೋ ಭಾರ. ಬೇರೇನನ್ನಾದರೂ ಮನೆಯಲ್ಲಿ ಬಿಟ್ಟು ಬನ್ನಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಎಂದು ಓದಿದವರಿಗೆ, ಈ ಸೀಮೆಯಲ್ಲಿ ಬಾಯಾರುವುದೆಂದರೇನು ಎನಿಸುವುದು ಸಹಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹರಿದುಹೋಗಿರುತ್ತದೆ. ಸ್ವಾತಿ ಮಳೆ ಮುಗಿದ ಮೇಲೆ, ಅಶ್ವಿನಿ ಭರಣಿಯ ಗುಡುಗು ಕೇಳುವವರೆಗೆ, ಬೆಟ್ಟ ಕೂಡಿಟ್ಟದ್ದರಲ್ಲೇ ದಿನ ದೂಡಬೇಕು.

ಕೂಡಿಡುವ ಶಕ್ತಿ ಎಲ್ಲ ಕಡೆ ಒಂದೇ ಅಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿ ಬಹುತೇಕ ಹುಲ್ಲುಗಾವಲು. ಮಣ್ಣು ತೆಳು, ಅಡಿಯಲ್ಲಿ ಬಂಡೆ. ಆಷಾಢದಲ್ಲಿ ಹೆಜ್ಜೆಗೊಂದು ಝರಿ ಕಾಣುವ ಇಳಿಜಾರಿನಲ್ಲಿ ಬೇಸಿಗೆಗೆ ಅದರ ಗುರುತೂ ಉಳಿದಿರುವುದಿಲ್ಲ. ನೀರು ಉಳಿದರೆ ಎರಡು ಗುಡ್ಡಗಳ ಸಂದಿನ ಶೋಲಾ ಕಾಡಿನಲ್ಲಿ, ಅದರಲ್ಲೂ ಕಾಡಿನ ಕೆಳ ಅಂಚಿನಲ್ಲಿ. ಅಲ್ಲಿ ತರಗೆಲೆಯ ಹಾಸಿನಡಿಯ ಮಣ್ಣು ಕುಡಿದ ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಹಿಡ್ಲುಮನೆ ಜಲಪಾತವೇ ಬೇಸಿಗೆಯಲ್ಲಿ ಸೊರಗುತ್ತದೆ ಎಂದ ಮೇಲೆ ಅದಕ್ಕಿಂತ ಮೇಲಿನ ಸಣ್ಣ ಹಳ್ಳಗಳ ಪಾಡು ಊಹಿಸಿ. ಮೊಬೈಲ್ ನಕ್ಷೆಯ ನೀಲಿ ಗೆರೆಯನ್ನಂತೂ ನಂಬಲೇಬೇಡಿ. ಅದಕ್ಕೆ ಜುಲೈಯೂ ಒಂದೇ, ಮಾರ್ಚೂ ಒಂದೇ.

ಒಣಗಿದ ಹಳ್ಳದಲ್ಲೂ ಕೆಲವೊಮ್ಮೆ ಒರತೆ ಇರುತ್ತದೆ. ಕೇದಗೆಯ ಪೊದೆ, ಹಸಿರಾಗಿಯೇ ಇರುವ ಜರಿಗಿಡ, ಹಸಿ ಮಣ್ಣು ಎತ್ತಿ ಹಾಕಿದ ಏಡಿ ಬಿಲ ಕಂಡಲ್ಲಿ ಮೊಳಕೈ ಆಳ ತೋಡಿ ಕಾಯಬೇಕು. ಮೊದಲು ಜಿನುಗುವುದು ಕೆಸರು. ಅದನ್ನು ಎರಡು ಮೂರು ಬಾರಿ ಚೆಲ್ಲಿದರೆ ತಿಳಿಯಾದ ನೀರು ತುಂಬಿಕೊಳ್ಳುತ್ತದೆ. ತಿಳಿಯಾಗಿದೆ ಎಂದ ಮಾತ್ರಕ್ಕೆ ಹಾಗೆಯೇ ಕುಡಿಯಬಾರದು. ಬೇಸಿಗೆಯಲ್ಲಿ ದನಕರು, ಕಾಡುಪ್ರಾಣಿ, ಇಲಿ ಹೆಗ್ಗಣಗಳೆಲ್ಲ ಅದೇ ಗುಂಡಿಗೆ ಬರುತ್ತವೆ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿಯೇ ಕುಡಿಯಿರಿ. ಒರತೆ ತುರ್ತಿನ ಉಪಾಯ ಅಷ್ಟೇ, ಅದನ್ನು ನೆಚ್ಚಿಕೊಂಡು ಮನೆ ಬಿಡುವಂತಿಲ್ಲ.

ನೀರಿನ ಬದಿಯ ನೆರಳಿನಲ್ಲೇ ಮಲಗುವ ಆಸೆ ಬೇಡ ಎನ್ನುವುದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಕಾಡುವುದು ಉಂಬಳ. ಅದು ರಕ್ತ ಹೀರಿ ಉದುರಿಹೋಗುತ್ತದೆ. ಡಿಸೆಂಬರ್‌ನಿಂದ ಮೇ ತನಕ ತರಗೆಲೆಯಲ್ಲಿ ಕಾಯುವುದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಇರಲಿ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇನ್ನು ಟೆಂಟ್. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದ ವ್ಯಾಪ್ತಿಯ ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಂಡಲ್ಲಿ ಬಿಡಾರ ಹೂಡುವಂತಿಲ್ಲ. ಮಾರ್ಚ್‌ನ ಒಣ ಹುಲ್ಲಿಗೆ ಒಂದು ಕಿಡಿ ಸಾಕು, ಹಾಗಾಗಿ ಒಲೆ ಹೂಡುವ ಮಾತೂ ಬೇಡ; ಒರತೆಯ ನೀರನ್ನು ಕುದಿಸುವುದೂ ಬುಡಕ್ಕೆ ಇಳಿದ ಮೇಲೆಯೇ. ಬುಡದ ಊರುಗಳಲ್ಲಿ ತಂಗಿ, ನಸುಕಿನಲ್ಲಿ ಹತ್ತಿ, ಬಿಸಿಲೇರುವ ಮೊದಲು ಇಳಿಯುವುದೇ ನನ್ನ ಸಲಹೆ.

ಹೊರಡುವ ಮುನ್ನ ಬುಡದ ನಿಟ್ಟೂರು ಕಡೆ ತಂಗುವ ಮನೆಯವರಿಗೆ ಫೋನ್ ಮಾಡಿ. ‘ನೀರಿದೆಯೇ’ ಎಂದರೆ ‘ಇದೆ, ಬನ್ನಿ’ ಎಂದೇ ಹೇಳುತ್ತಾರೆ, ಅವರ ಬಾವಿಯಲ್ಲಿ ಇರುತ್ತದೆ. ಅದರ ಬದಲು, ಗುಡ್ಡದಿಂದ ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ, ಈಗ ಪೈಪಿನಲ್ಲಿ ಊರಿಗೆ ಇಳಿಯುವ ನೀರು ಇನ್ನೂ ಬೀಳುತ್ತಿದೆಯೇ ಎಂದು ಕೇಳಿ. ಅದು ನಿಂತಿದ್ದರೆ ಮೇಲೆ ಹನಿಯೂ ಇಲ್ಲ ಎಂದೇ ಲೆಕ್ಕ.