ಶಾಲಾ ವೋಚರ್: ಮಗುವಿನೊಂದಿಗೆ ಹೋಗುವ ಹಣ, ಶಾಲೆಯಲ್ಲೇ ಉಳಿಯುವ ಖರ್ಚು

ಸರ್ಕಾರಿ ಶಾಲೆಯಲ್ಲಿ ಒಂದು ಮಗುವಿನ ಓದಿಗೆ ತಗಲುವ ಸಾರ್ವಜನಿಕ ಹಣದ ಒಂದು ಪಾಲನ್ನು, ಆ ಮಗು ಖಾಸಗಿ ಶಾಲೆಗೆ ಸೇರಿದಾಗ ಅಲ್ಲಿನ ಶುಲ್ಕಕ್ಕೆ ಕೊಡುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಶಾಲಾ ವೋಚರ್ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಮಂಡಿಸಿದ ಈ ವಿಚಾರ, 1990ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಬಡ ಕುಟುಂಬಗಳ ಮಕ್ಕಳಿಗಾಗಿ ಜಾರಿಗೆ ಬಂತು. ವೋಚರನ್ನು ಧಾರ್ಮಿಕ ಶಾಲೆಗಳಲ್ಲೂ ಬಳಸಬಹುದೆಂದು ಕ್ಲೀವ್‌ಲ್ಯಾಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತ ಮೇಲೆ ಇದರ ವಿಸ್ತರಣೆಗೆ ಇದ್ದ ದೊಡ್ಡ ಅಡ್ಡಿ ನಿವಾರಣೆಯಾಯಿತು.

ಅಲ್ಲಿನ ಶಾಲಾ ಜಿಲ್ಲೆಯೆಂದರೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಅದು ಸಾಮಾನ್ಯವಾಗಿ ಚುನಾಯಿತ ಮಂಡಳಿಯೊಂದು ನಡೆಸುವ ಸ್ಥಳೀಯ ಸಂಸ್ಥೆ. ಅದರ ಆದಾಯದ ಬಹುಪಾಲು ಆಸ್ತಿ ತೆರಿಗೆಯಿಂದಲೂ ರಾಜ್ಯದ ಅನುದಾನದಿಂದಲೂ ಬರುತ್ತದೆ. ಈ ಅನುದಾನ ಹೆಚ್ಚಾಗಿ ಮಕ್ಕಳ ದಾಖಲಾತಿಯನ್ನು ಅವಲಂಬಿಸಿರುವುದರಿಂದ, ಮಗು ಹೊರಟರೆ ಹಣವೂ ಹೊರಡುತ್ತದೆ.

ಖರ್ಚು ಮಾತ್ರ ಹಾಗೆ ಹೊರಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಇದೇ. 12 ಕೊಠಡಿಗಳಲ್ಲಿ 25ರಂತೆ 300 ಮಕ್ಕಳು ಓದುವ ಒಂದು ಪ್ರಾಥಮಿಕ ಶಾಲೆಯಿಂದ 18 ಮಕ್ಕಳು ವೋಚರ್ ಪಡೆದು ಹೋದರೆಂದು ಇಟ್ಟುಕೊಳ್ಳೋಣ. ಅವರೆಲ್ಲ ಒಂದೇ ತರಗತಿಯವರಾಗಿದ್ದರೆ ಒಂದು ಶಿಕ್ಷಕ ಹುದ್ದೆಯನ್ನು ಕಡಿಮೆ ಮಾಡಬಹುದಿತ್ತು. ಆದರೆ ಸಾಮಾನ್ಯವಾಗಿ ಕೊಠಡಿಗೆ ಒಬ್ಬಿಬ್ಬರಂತೆ ಹೋಗುತ್ತಾರೆ. 23 ಮಕ್ಕಳಿಗೂ ಒಬ್ಬ ಶಿಕ್ಷಕಿ ಬೇಕು, ಶಾಲಾ ಬಸ್ಸು ಅದೇ ದಾರಿಯಲ್ಲಿ ಓಡಬೇಕು, ಚಳಿಗಾಲದಲ್ಲಿ ಇಡೀ ಕಟ್ಟಡವನ್ನು ಬೆಚ್ಚಗಿಡಬೇಕು, ಕಟ್ಟಡದ ಸಾಲದ ಕಂತನ್ನೂ ಕಟ್ಟಬೇಕು. ಆದಾಯ ತಲೆಲೆಕ್ಕದಲ್ಲಿ ಇಳಿದರೆ ಖರ್ಚು ಕೊಠಡಿಲೆಕ್ಕದಲ್ಲಿ ನಿಂತಿರುತ್ತದೆ. ಆ ಅಂತರವನ್ನು ತುಂಬಲು ಸಂಗೀತ, ಗ್ರಂಥಾಲಯ, ಆಪ್ತಸಮಾಲೋಚನೆಯಂಥ ಸೇವೆಗಳಿಗೆ ಕತ್ತರಿ ಬೀಳುತ್ತದೆ.

ಸ್ಥಳೀಯ ತೆರಿಗೆ ಜಿಲ್ಲೆಯಲ್ಲೇ ಉಳಿಯುವುದರಿಂದ ಉಳಿದ ಮಕ್ಕಳ ತಲಾ ಹಣ ಹೆಚ್ಚುತ್ತದೆ ಎಂಬ ಬೆಂಬಲಿಗರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ನಿಜವಾಗುವುದು ವೋಚರಿನ ಹಣವನ್ನು ಯಾರ ಖಾತೆಯಿಂದ ಕಳೆಯುತ್ತಾರೆ ಎಂಬುದರ ಮೇಲೆ. ಒಹಾಯೊದಲ್ಲಿ 2021ರವರೆಗೆ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬರಿಗೆ 6,000 ಡಾಲರ್‌ವರೆಗೆ ಜಿಲ್ಲೆಯ ಅನುದಾನದಿಂದಲೇ ಮುರಿದುಕೊಳ್ಳುತ್ತಿದ್ದರು. ರಾಜ್ಯದಿಂದ ತಲಾ ಅಷ್ಟು ಅನುದಾನವೇ ಬಾರದ ಜಿಲ್ಲೆಗಳು ಸ್ಥಳೀಯ ತೆರಿಗೆಯ ಹಣದಿಂದ ಆ ಕೊರತೆ ತುಂಬಬೇಕಾಗುತ್ತಿತ್ತು. ಅನಂತರ ರಾಜ್ಯವೇ ನೇರವಾಗಿ ಪಾವತಿಸತೊಡಗಿತು. ವಿಸ್ಕಾನ್ಸಿನ್‌ನ ರಾಜ್ಯವ್ಯಾಪಿ ಯೋಜನೆಯಲ್ಲಿ ಜಿಲ್ಲೆಯ ಅನುದಾನದಲ್ಲಿ ಕಡಿತ ಮಾಡಿ, ಅದನ್ನು ತುಂಬಿಕೊಳ್ಳಲು ಆಸ್ತಿ ತೆರಿಗೆ ಏರಿಸುವ ಅವಕಾಶ ಕೊಟ್ಟಿದ್ದಾರೆ. ಅಂದರೆ ಹೊರೆ ಕೊನೆಗೆ ಮನೆ ಮಾಲೀಕರ ತೆರಿಗೆಗೆ ಸೇರುತ್ತದೆ.

ರಾಜ್ಯವೇ ನೇರವಾಗಿ ಕೊಟ್ಟರೂ ಬೊಕ್ಕಸ ಒಂದೇ. ಅರಿಜೋನಾ ರಾಜ್ಯವು ವೋಚರಿನಂತೆಯೇ ಖಾಸಗಿ ಶಿಕ್ಷಣಕ್ಕೆ ಬಳಸಬಹುದಾದ ಸಾರ್ವಜನಿಕ ಹಣದ ಖಾತೆಗಳನ್ನು 2022ರಲ್ಲಿ ಆದಾಯದ ಮಿತಿಯಿಲ್ಲದೆ ಎಲ್ಲ ಮಕ್ಕಳಿಗೂ ತೆರೆದಾಗ, ಮೊದಲು ಅರ್ಜಿ ಹಾಕಿದವರಲ್ಲಿ ಬಹುಪಾಲು ಮಕ್ಕಳು ಆಗ ಸರ್ಕಾರಿ ಶಾಲೆಯಲ್ಲಿ ಇರಲೇ ಇಲ್ಲ. ಅವರಿಂದ ಯಾವ ಶಾಲೆಗೂ ಉಳಿತಾಯವಾಗದೆ, ರಾಜ್ಯಕ್ಕೆ ಹೊಸ ಖರ್ಚು ಮಾತ್ರ ಬಂತು.

ಕರ್ನಾಟಕಕ್ಕೆ ಈ ಪ್ರಶ್ನೆ ಅಪರಿಚಿತವಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25 ಸೀಟುಗಳ ಶುಲ್ಕವನ್ನು ಸರ್ಕಾರ ಭರಿಸುತ್ತಿದ್ದಾಗ ಸರ್ಕಾರಿ ಶಾಲೆಗಳ ದಾಖಲಾತಿ ಕುಸಿಯುತ್ತಿದೆ ಎಂಬ ಕಾರಣ ಮುಂದಿಟ್ಟು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಈ ಸೀಟುಗಳನ್ನು 2019–20ರಿಂದ ಕೈಬಿಡಲಾಯಿತು.

ಅಮೆರಿಕದ ಶಾಲಾ ಜಿಲ್ಲೆಗೆ ಇನ್ನೊಂದು ಹೊಣೆಯೂ ಇದೆ: ತನ್ನ ವ್ಯಾಪ್ತಿಯ ಮಗು ಅಂಗವಿಕಲವಾಗಿರಲಿ, ಖಾಸಗಿ ಶಾಲೆ ನಡುವರ್ಷದಲ್ಲಿ ಕೈಬಿಟ್ಟದ್ದಾಗಿರಲಿ, ಬಂದಾಗ ಸೇರಿಸಿಕೊಳ್ಳಲೇಬೇಕು. ಶಾಲಾ ವರ್ಷದ ಆರಂಭದ ಒಂದು ದಿನದ ಎಣಿಕೆಯ ಮೇಲೆ ಅನುದಾನ ನಿರ್ಧರಿಸುವ ಪದ್ಧತಿಯಿದ್ದರೆ, ಆ ಬಳಿಕ ಮರಳಿದ ಮಗುವಿಗೆ ಆ ವರ್ಷದ ತಲಾ ಹಣ ಜಿಲ್ಲೆಗೆ ಸಿಗುವುದಿಲ್ಲ.