ಗರಸು ನೆಲಕ್ಕೆ ಸಣ್ಣ ಗೋಣಿ ಸೊಪ್ಪಿನ ಹೊದಿಕೆ

ಬಯಲುಸೀಮೆಯ ಗರಸಿನಲ್ಲಿ, ಕಲ್ಲುಚಪ್ಪಡಿಯ ಸಂದಿನಲ್ಲಿ ತಾನಾಗಿ ಹಬ್ಬುವ ಸಣ್ಣ ಗೋಣಿಯ ಸಸ್ಯಶಾಸ್ತ್ರೀಯ ಹೆಸರು ಪೋರ್ಚುಲಾಕಾ ಕ್ವಾಡ್ರಿಫಿಡಾ. ಇದನ್ನು ಗುರುತಿಸುವುದೂ ಗಿಣ್ಣಿನಿಂದ (ದಂಟಿನಲ್ಲಿ ಎಲೆ ಹೊರಡುವ ಗಂಟು), ಬೆಳೆಸುವುದೂ ಗಿಣ್ಣಿನಿಂದ.

ಎಲೆಗಳು ದಪ್ಪ, ಎದುರುಬದುರು ಜೋಡಿ. ಹಳದಿ ಹೂವಿಗೆ 4 ಎಸಳು; ಬಿಸಿಲೇರಿದಾಗ ಅರಳಿ ಕೆಲವೇ ಗಂಟೆಯಲ್ಲಿ ಮುದುಡುತ್ತದೆ. ಗಿಣ್ಣಿನಲ್ಲಿ ಬಿಳಿ ಕೂದಲಿನ ಕುಚ್ಚು ಎದ್ದು ಕಾಣುತ್ತದೆ. ದೊಡ್ಡ ಗೋಣಿಗೆ ಅದಿಲ್ಲ, ಹೂವಿಗೆ ಸಾಮಾನ್ಯವಾಗಿ 5 ಎಸಳು. (ಇದೇ ಕುಲದ ಹೂಗಿಡ ಟೇಬಲ್ ರೋಸ್‌ಗೂ ಕೂದಲುಂಟು, ಆದರೆ ಅದರ ದೊಡ್ಡ ಹೂವೇ ಹೇಳಿಬಿಡುತ್ತದೆ.) ದಂಟು ಮುರಿದಾಗ ಹಾಲು ಒಸರಿದರೆ ಅದು ಗೋಣಿಯಲ್ಲ, ಯೂಫೋರ್ಬಿಯಾ ಜಾತಿಯ ಕಳೆ. ಬಾಯಿಗೆ ಹಾಕಬೇಡಿ.

ನೆಡಲು ಜೂನ್‌ನ ಮೊದಲ ಮಳೆ ಬಿದ್ದ ಮೇಲೆ ಸರಿಯಾದ ಹೊತ್ತು. 8–10 ಸೆಂ.ಮೀ. ದಂಟು ಕತ್ತರಿಸಿ ಒಂದು ದಿನ ನೆರಳಲ್ಲಿಡಿ. ಗಾಯ ಒಣಗದೆ ನೆಟ್ಟರೆ ಅಲ್ಲಿಂದಲೇ ಕೊಳೆ ಶುರು. ನೆಲವನ್ನು 5 ಸೆಂ.ಮೀ. ಕೆದಕಿದರೆ ಸಾಕು. ಅಂಟುಮಣ್ಣಾದರೆ ಅರ್ಧಕ್ಕರ್ಧ ಗರಸು ಅಥವಾ ದಪ್ಪ ಮರಳು ಬೆರೆಸಿ.

ಬಹಳ ಜನ ದಂಟನ್ನು ನೆಟ್ಟಗೆ ಚುಚ್ಚುತ್ತಾರೆ. ಬೇರು ಬರುತ್ತದೆ, ಹೊದಿಕೆ ಆಗುವುದಿಲ್ಲ. ದಂಟನ್ನು ಉದ್ದಕ್ಕೆ ಮಲಗಿಸಿ, ನಡುವಿನ ಎರಡು ಗಿಣ್ಣಿನ ಮೇಲೆ ಚಿಟಿಕೆ ಮಣ್ಣು ಉದುರಿಸಿ, ಹುಣಸೆಬೀಜದಷ್ಟು ಕಲ್ಲು ಹೇರಿ. ಗಾಳಿಗೆ ಎದ್ದು ಬರುವುದಿಲ್ಲ, ಗಿಣ್ಣು ಮಣ್ಣಿಗೆ ಅಂಟಿಕೊಂಡೇ ಇರುತ್ತದೆ. 15 ಸೆಂ.ಮೀ.ಗೆ ಒಂದರಂತೆ ಚದರ ಮೀಟರಿಗೆ ಸುಮಾರು 44 ತುಂಡು ಬೇಕು. ಹುಲ್ಲಿನ ಮುಚ್ಚಿಗೆ ಹಾಸಬೇಡಿ: ದಂಟು ಅದರ ಮೇಲೆ ತೇಲಿ, ಬೇರಿಗೆ ನೆಲವೇ ಸಿಗುವುದಿಲ್ಲ.

ಮಳೆ ಕೈಕೊಟ್ಟರೆ ಮೊದಲ ಎರಡು ವಾರ ದಿನ ಬಿಟ್ಟು ದಿನ ನೀರು ಚಿಮುಕಿಸಿ. ಆಮೇಲೆ ಎಲೆ ಸುಕ್ಕಾದರೆ ಮಾತ್ರ. ಬುಡ ಕಪ್ಪಾಗಿ ಮೆತ್ತಗಾಯಿತೆಂದರೆ ನೀರು ನಿಂತಿದೆ ಎಂದರ್ಥ. ಗೊಬ್ಬರ ಬೇಡ, ಕೊಟ್ಟರೆ ದಂಟು ಸೊಂಪಾಗಿ ಎದ್ದು ನಿಲ್ಲುತ್ತದೆ, ನೆಲ ಬೋಳಾಗಿ ಕಾಣುತ್ತದೆ.

ಬೀಜದಿಂದಲೂ ಆಗುತ್ತದೆ. ಕಾಯಿ ಡಬ್ಬಿಯ ಮುಚ್ಚಳದಂತೆ ಕಳಚಿ ಬೀಜ ಉದುರುವುದರಿಂದ, ಅದಕ್ಕೆ ಮೊದಲೇ ಕುಯ್ದು ಕಾಗದದ ಮೇಲೆ ಒಣಗಿಸಿ. ಒಣ ಮರಳಲ್ಲಿ ಬೆರೆಸಿ ಚೆಲ್ಲಿ, ಮಣ್ಣು ಮುಚ್ಚಬೇಡಿ.

ಎಲೆ ತಿನ್ನುವ ಮುಳ್ಳುಹುಳು ಡನೈಡ್ ಎಗ್‌ಫ್ಲೈ ಚಿಟ್ಟೆಯದಿರಬಹುದು. ನಾಲ್ಕೈದಿದ್ದರೆ ಬಿಟ್ಟುಬಿಡಿ, ಗೋಣಿ ಮತ್ತೆ ಚಿಗುರುತ್ತದೆ.

ಸೊಪ್ಪು ಸಾರಿಗೂ ಆಗುತ್ತದೆ. ಕಲ್ಲು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿರುವವರಿಗೆ ಬೇಡ.

ಪಕ್ಕದ ತರಕಾರಿ ಪಾತಿಗೆ ನುಗ್ಗಿದ್ದನ್ನು ಕಿತ್ತರೆ ಬದುವಿನ ಮೇಲೆ ಎಸೆಯಬೇಡಿ. ತುಸು ತೇವವಿದ್ದರೂ ಗಿಣ್ಣು ಅಲ್ಲೇ ಬೇರು ಬಿಡುತ್ತದೆ.